ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುಂಚೆ ಡಿಸ್ಕ್ ಬದಲಿಸಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿದ ಮೇಲೆ ಹಳೆಯ ಲ್ಯಾಪ್‌ಟಾಪ್‌ಗಳನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕುವುದು ಹೆಚ್ಚಾಗಿದೆ. ಹಾಗೆ ಹೋಗುವ ಎಷ್ಟೋ ಯಂತ್ರಗಳಲ್ಲಿ ಪರದೆ ಚೆನ್ನಾಗಿರುತ್ತದೆ, ಕೀಲಿಮಣೆ ಚೆನ್ನಾಗಿರುತ್ತದೆ, ಪ್ರೊಸೆಸರ್‌ಗೂ ಇನ್ನೂ ಕಸುವಿರುತ್ತದೆ. ಮುದಿಯಾಗಿರುವುದು ಹಾರ್ಡ್ ಡಿಸ್ಕ್ ಒಂದೇ. ಅದನ್ನು ತೆಗೆದು ಎಸ್‌ಎಸ್‌ಡಿ (ಚಿಪ್ಪುಗಳಲ್ಲೇ ಸಂಗ್ರಹಿಸುವ ಡಿಸ್ಕ್) ಹಾಕುವ ಕೆಲಸವನ್ನು, ಸ್ಕ್ರೂಡ್ರೈವರ್ ಹಿಡಿದು ಗೊತ್ತಿರುವ ಯಾರೇ ಆದರೂ ಮನೆಯಲ್ಲೇ ಮಾಡಬಹುದು. ಆದರೆ ಮೊದಲ ಸಲ ಮಾಡುವವರು ಎಡವುವ ಜಾಗಗಳು ಗೊತ್ತಿರಬೇಕು. ಆ ಜಾಗಗಳಲ್ಲಿ ಹೆಚ್ಚಿನವು ಸ್ಕ್ರೂ ಬಿಚ್ಚುವುದಕ್ಕೂ ಮುಂಚೆಯೇ ಸಿಗುತ್ತವೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗಿದೆ, ಕ್ಷಮೆಯಿರಲಿ.

ಮೊದಲು ನಿಧಾನದ ಕಾರಣ ತಿಳಿಯೋಣ. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಬೇಕಾದ ಜಾಗ ಡಿಸ್ಕ್ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು: ಸುಮಾರು ಐದೂವರೆ ಮಿಲಿಸೆಕೆಂಡು. ಮುಳ್ಳು ಆ ಪಥಕ್ಕೆ ಸರಿಯಲು ಇನ್ನೊಂದು ಹನ್ನೆರಡು. ಹೀಗೆ ಚದುರಿಬಿದ್ದ ಚಿಕ್ಕ ಚಿಕ್ಕ ತುಣುಕುಗಳನ್ನು ಸೆಕೆಂಡಿಗೆ ಐವತ್ತು ಅರವತ್ತಕ್ಕಿಂತ ಹೆಚ್ಚು ಓದಲು ಅದಕ್ಕೆ ಆಗುವುದೇ ಇಲ್ಲ. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ತುಣುಕುಗಳು. ದೊಡ್ಡದೊಂದು ಸಿನಿಮಾ ಫೈಲನ್ನು ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದೀತು. ಆದರೆ ಬೆಳಿಗ್ಗೆ ಆನ್ ಮಾಡಿದಾಗ ಕಾಫಿ ಕುಡಿದು ಬರುವಷ್ಟು ಹೊತ್ತು ಕಾಯಿಸುವುದು ಈ ಹುಡುಕಾಟ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಅದೇ ಹುಡುಕಾಟ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತದೆ.

ನಿಮ್ಮ ಯಂತ್ರದ ರೋಗವೂ ಇದೇನಾ ಎಂದು ನೋಡಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಎಂಬಲ್ಲಿ ಎಚ್‌ಡಿಡಿ (ಹಾರ್ಡ್ ಡಿಸ್ಕ್) ಎಂದಿದ್ದು, ಏನೂ ಕೆಲಸ ಮಾಡದಿದ್ದಾಗಲೂ ಬಳಕೆ ನೂರಕ್ಕೆ ನೂರು ತೋರಿಸುತ್ತಿದ್ದರೆ ಡಿಸ್ಕ್ ಬದಲಿಸಿದ್ದಕ್ಕೆ ಫಲ ಖಚಿತ. ಅಲ್ಲಿ ಆಗಲೇ ಎಸ್‌ಎಸ್‌ಡಿ ಎಂದಿದ್ದರೆ ನಿಧಾನಕ್ಕೆ ಬೇರೆ ಕಾರಣ ಹುಡುಕಿ. ಬಹಳ ಸಲ 4 ಜಿಬಿ ರ‍್ಯಾಮ್ ಸಾಲದೆ ಹಾಗಾಗಿರುತ್ತದೆ. ಒಟ್ಟು ಸಂಗ್ರಹವೇ 32 ಅಥವಾ 64 ಜಿಬಿ ಇರುವ ಅಗ್ಗದ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಎಂಬ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ; ಅದನ್ನು ಬದಲಿಸುವ ಮಾತೇ ಇಲ್ಲ.

ಇನ್ನೊಂದು ಪರೀಕ್ಷೆ ಹಳೆಯ ಡಿಸ್ಕಿನ ಆರೋಗ್ಯದ್ದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಒಂದು ಪಟ್ಟಿ ಕಾಣುತ್ತದೆ. ಅದರಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ನೋಡಿದರೆ ಸಾಕು. 05 ಎಂದರೆ ಕೆಟ್ಟ ಜಾಗಗಳಿಗೆ ಬದಲಿ ಕೊಟ್ಟ ಲೆಕ್ಕ; ಸಿ5 ಎಂದರೆ ಓದಲು ಆಗದೆ ಅನುಮಾನದಲ್ಲಿಟ್ಟಿರುವ ಜಾಗಗಳು; ಸಿ6 ಎಂದರೆ ಸರಿಪಡಿಸಲಾಗದವು. ಇವುಗಳ ಕಚ್ಚಾ ಅಂಕಿ ಸೊನ್ನೆ ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಸಿ5 ದಿನದಿಂದ ದಿನಕ್ಕೆ ಏರುತ್ತಿದ್ದರೆ ಇವತ್ತೇ ಫೈಲುಗಳನ್ನು ನಕಲು ಮಾಡಿಕೊಳ್ಳಿ, ಎಸ್‌ಎಸ್‌ಡಿ ಕೊಳ್ಳುವ ವಿಚಾರ ನಾಳೆಗಿರಲಿ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರಂತೂ ಯಂತ್ರವನ್ನು ಆರಿಸಿಬಿಡಿ. ಆ ಸ್ಥಿತಿಯಲ್ಲಿ ದೋಷ ಸರಿಪಡಿಸುವ ಸ್ಕ್ಯಾನ್ ಓಡಿಸಿದರೆ ಉಳಿದ ಅಷ್ಟಿಷ್ಟು ಜೀವವೂ ಹೋಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಈಗಲೂ ಕೇಳಿಬರುತ್ತದೆ. ಒಳಗೆ ತೇವ ಕಟ್ಟಿ ಇನ್ನಷ್ಟು ಕೆಡುತ್ತದೆ ಅಷ್ಟೆ. ಅಂಥ ಡಿಸ್ಕಿನಲ್ಲಿ ಮದುವೆ ಫೋಟೋನೋ ಪ್ರಬಂಧವೋ ಇದ್ದರೆ ಡೇಟಾ ಹಿಂಪಡೆಯುವುದನ್ನೇ ಕಸುಬಾಗಿ ಮಾಡುವವರ ಕೈಗೆ ಕೊಡಿ, ನೀವು ಪ್ರಯೋಗ ಮಾಡಬೇಡಿ.

ಈಗ ಯಾವ ಎಸ್‌ಎಸ್‌ಡಿ ಎಂಬ ಪ್ರಶ್ನೆ. ಹೆಚ್ಚು ಹಣ ಹಾಳಾಗುವುದು ಇಲ್ಲೇ. ಹಾರ್ಡ್ ಡಿಸ್ಕ್ ಇದ್ದ ಲ್ಯಾಪ್‌ಟಾಪ್‌ನಲ್ಲಿ ಎರಡೂವರೆ ಇಂಚಿನ ಜಾಗ ಇದ್ದೇ ಇರುತ್ತದೆ. ಅದಕ್ಕೆ ಎರಡೂವರೆ ಇಂಚಿನ ಸಾಟಾ (ಹಾರ್ಡ್ ಡಿಸ್ಕಿನದೇ ಬಗೆಯ ಜೋಡಣೆ) ಎಸ್‌ಎಸ್‌ಡಿ ಯಾವ ಕಂಪನಿಯದಾದರೂ ಕೂರುತ್ತದೆ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ ಇರಬಹುದು, ಎಸ್‌ಎಸ್‌ಡಿ 7 ಮಿಲಿಮೀಟರ್. ತೆಳ್ಳಗಿರುವುದು ದಪ್ಪದ ಜಾಗದಲ್ಲಿ ಕೂರುತ್ತದೆ, ದಪ್ಪದ್ದು ತೆಳ್ಳಗಿನ ಜಾಗದಲ್ಲಿ ಕೂರುವುದಿಲ್ಲ. ಸಡಿಲವಾದರೆ ಕೆಲವು ಎಸ್‌ಎಸ್‌ಡಿ ಜೊತೆಗೇ ಬರುವ ಎರಡೂವರೆ ಮಿಲಿಮೀಟರಿನ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿ. ಸಾಟಾ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ. ಹತ್ತು ವರ್ಷದ ಯಂತ್ರಕ್ಕೆ ಅದು ಧಾರಾಳವಾಯಿತು.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದರ ಜೊತೆಗೆ ಎಂ.2 ಎಂಬ ಉದ್ದನೆಯ ಸ್ಲಾಟ್ ಕೂಡ ಇರುತ್ತದೆ. ಚೂಯಿಂಗ್ ಗಮ್ ಪಟ್ಟಿಯ ಆಕಾರದ ಎಸ್‌ಎಸ್‌ಡಿ ಅದಕ್ಕೆ. ಅದರ ಮೇಲೆ 2280 ಎಂದಿದ್ದರೆ ಅಗಲ 22, ಉದ್ದ 80 ಮಿಲಿಮೀಟರ್ ಎಂದರ್ಥ. 2242, 2230 ಎಂಬ ಗಿಡ್ಡವೂ ಇವೆ. ನಿಮ್ಮ ಬೋರ್ಡಿನಲ್ಲಿ ಸ್ಕ್ರೂ ಕೂರುವ ಕಂಬ ಎಲ್ಲಿದೆ ಎಂದು ಅಳೆದು ಕೊಳ್ಳಿ. ಇಲ್ಲಿ ಒಂದು ಮೋಸವಿದೆ: ಎಂ.2 ಎಂಬುದು ಆಕಾರದ ಹೆಸರು, ಭಾಷೆಯ ಹೆಸರಲ್ಲ. ಅದೇ ಆಕಾರದಲ್ಲಿ ಸಾಟಾ ಮಾತಾಡುವ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇ ಎಂಬ ಇನ್ನೂ ವೇಗದ ಭಾಷೆ ಮಾತಾಡುವುದೂ ಬರುತ್ತದೆ. ಚಿನ್ನದ ಬಣ್ಣದ ಅಂಚಿನಲ್ಲಿ ಸಾಮಾನ್ಯವಾಗಿ ಸಾಟಾದ್ದಕ್ಕೆ ಎರಡು ಕಚ್ಚು, ಎನ್‌ವಿಎಂಇಗೆ ಒಂದೇ ಕಚ್ಚು. ಸಾಟಾ ಮಾತ್ರ ಗೊತ್ತಿರುವ ಸ್ಲಾಟಿಗೆ ಎನ್‌ವಿಎಂಇ ಹಾಕಿದರೆ ಅಚ್ಚುಕಟ್ಟಾಗಿ ಕೂತರೂ ಕಾಣಿಸಿಕೊಳ್ಳದೇ ಇರಬಹುದು, ತಿರುಗಾಮುರುಗಾ ಆದರೂ ಅದೇ ಗತಿ. ವೈಫೈ ಕಾರ್ಡಿನ ಸ್ಲಾಟ್ ಕೂಡ ಎಂ.2 ಕುಟುಂಬದ್ದೇ; ಅದನ್ನು ನೋಡಿ ‘ನಮ್ಮದರಲ್ಲೂ ಎಂ.2 ಇದೆ’ ಎಂದು ಎಸ್‌ಎಸ್‌ಡಿ ತಂದುಬಿಡುವವರಿದ್ದಾರೆ.

ಅನುಮಾನ ಪರಿಹಾರಕ್ಕೆ ಅಂಗಡಿಯವರನ್ನು ಕೇಳುವುದಕ್ಕಿಂತ ಯಂತ್ರದ ಮಾದರಿ ಸಂಖ್ಯೆ ಹಾಕಿ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ಮೂರೂ ಇವನ್ನು ತಮ್ಮ ಜಾಲತಾಣದಲ್ಲೇ ಉಚಿತವಾಗಿ ಇಟ್ಟಿವೆ. ಎಷ್ಟು ಸ್ಕ್ರೂ, ಯಾವ ಉದ್ದ, ಯಾವುದರ ನಂತರ ಯಾವುದನ್ನು ಬಿಚ್ಚಬೇಕು ಎಂಬುದೆಲ್ಲ ಚಿತ್ರಸಹಿತ ಅದರಲ್ಲಿರುತ್ತದೆ. ಯೂಟ್ಯೂಬ್ ವಿಡಿಯೊ ನೋಡಿ ಬಿಚ್ಚುವವರು ಮಾದರಿ ಸಂಖ್ಯೆಯ ಕೊನೆಯ ಅಂಕಿಯವರೆಗೆ ತಾಳೆ ನೋಡಬೇಕು. ಒಂದೇ ಹೆಸರಿನ ಲ್ಯಾಪ್‌ಟಾಪ್ ಒಳಗೆ ಬೇರೆಯೇ ಇರುತ್ತದೆ. ಆಪಲ್ ಮ್ಯಾಕ್‌ಬುಕ್ ವಿಷಯದಲ್ಲಿ 2012ರ ಮಧ್ಯದ 13 ಇಂಚಿನ ಸಾದಾ ಮ್ಯಾಕ್‌ಬುಕ್ ಪ್ರೊವರೆಗೆ ಸಾಟಾ ಡಿಸ್ಕ್ ಸಲೀಸಾಗಿ ಬದಲಾಗುತ್ತದೆ. ಆದರೆ ಆ ಮಾದರಿಯಲ್ಲಿ ಡಿಸ್ಕಿನ ಪಟ್ಟಿ ಕೇಬಲ್ಲೇ ಹಾಳಾಗುವುದು ಕುಖ್ಯಾತ, ಹೊಸ ಎಸ್‌ಎಸ್‌ಡಿ ಹಾಕಿದರೂ ತಕರಾರು ಹೋಗದಿದ್ದರೆ ಕೇಬಲ್ ಬದಲಿಸಿ. ಈಚಿನ ಮ್ಯಾಕ್‌ಬುಕ್‌ಗಳಲ್ಲಿ ಸಂಗ್ರಹವನ್ನು ಬೋರ್ಡಿಗೇ ಬೆಸೆದಿರುತ್ತಾರೆ.

ಗಾತ್ರದ ಬಗ್ಗೆ ಒಂದು ಮಾತು. 500 ಜಿಬಿ ಎಂದು ಬರೆದದ್ದನ್ನು ವಿಂಡೋಸ್ 465 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ನಿಜವಾದ ಮೋಸ ಬೇರೆಯಿದೆ: ಅಂತರ್ಜಾಲದಲ್ಲಿ ಪುಡಿಗಾಸಿಗೆ ಸಿಗುವ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿಗಳ ಒಳಗೆ ಚಿಕ್ಕ ಮೆಮೊರಿ ಕಾರ್ಡ್ ಇಟ್ಟು ಗಾತ್ರ ಸುಳ್ಳು ಹೇಳಿಸಿರುತ್ತಾರೆ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ಒಳ್ಳೆಯ ಕಂಪನಿಯ ಎಸ್‌ಎಸ್‌ಡಿಗೆ ಎಷ್ಟು ಬರೆಯಬಹುದು ಎಂಬ ಖಾತರಿ ಅಂಕಿಯಿರುತ್ತದೆ. ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೊ 500 ಜಿಬಿಗೆ 300 ಟಿಬಿ, ಕ್ರೂಶಿಯಲ್ ಎಂಎಕ್ಸ್500ರ ಅದೇ ಗಾತ್ರಕ್ಕೆ 180 ಟಿಬಿ. ದಿನಕ್ಕೆ 20 ಜಿಬಿ ಬರೆದರೂ 180 ಟಿಬಿ ಮುಗಿಯಲು ಇಪ್ಪತ್ತನಾಲ್ಕು ವರ್ಷ ಬೇಕು. ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂಬ ಹೆದರಿಕೆ ಮನೆಬಳಕೆಗೆ ಅನ್ವಯಿಸುವುದಿಲ್ಲ. ಇನ್ನು 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಎಲ್ಲಕ್ಕಿಂತ ದುಬಾರಿ ಎಸ್‌ಎಸ್‌ಡಿ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ. ಆ ಹಣ ಭಾಗ ಮಾಡಿ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿ.

ಡಿಸ್ಕ್ ತಂದಾಯಿತು. ಈಗಲೂ ಸ್ಕ್ರೂಡ್ರೈವರ್ ಮುಟ್ಟಬೇಡಿ. ಡಾಕ್ಯುಮೆಂಟ್ಸ್ ಫೋಲ್ಡರ್ ನಕಲು ಮಾಡಿಕೊಂಡರೆ ಬ್ಯಾಕಪ್ ಆಯಿತು ಎಂದುಕೊಳ್ಳುತ್ತಾರೆ, ಆಗಿರುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಹರಡಿರುವುದು, ಡೌನ್‌ಲೋಡ್ಸ್‌ನಲ್ಲಿರುವುದು, ಬ್ರೌಸರಿನ ಪಾಸ್‌ವರ್ಡ್‌ಗಳು, ಔಟ್‌ಲುಕ್‌ನ ಮೇಲ್‌ಗಳಿರುವ ಪಿಎಸ್‌ಟಿ ಫೈಲು ಎಲ್ಲ ಬೇರೆಬೇರೆ ಕಡೆ ಇರುತ್ತವೆ. ಟ್ಯಾಲಿ ಬಳಸುವ ಅಂಗಡಿಗಳಲ್ಲಿ ಲೆಕ್ಕವೆಲ್ಲ ಐದಾರು ಅಂಕಿಯ ಹೆಸರಿನ ಫೋಲ್ಡರಿನಲ್ಲಿ, ಡಾಕ್ಯುಮೆಂಟ್ಸ್‌ನಿಂದ ಹೊರಗೆ ಇರುತ್ತದೆ. ಟ್ಯಾಲಿಯೊಳಗೆ ಕಾಣುವ ಡೇಟಾ ದಾರಿ ಬರೆದುಕೊಂಡು ಆ ಫೋಲ್ಡರ್ ಪೂರ್ತಿ ನಕಲಿಸಿ. ವಿಂಡೋಸ್ ಹೊಸದಾಗಿ ಹಾಕುವುದಾದರೆ ಟ್ಯಾಲಿಯ ಲೈಸೆನ್ಸ್ ಅನ್ನು ಹಳೆಯದರಲ್ಲಿ ಸರೆಂಡರ್ ಮಾಡಿ, ಆಮೇಲೆ ಬಿಚ್ಚಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಬರುವ ತೊಂದರೆಯೊಂದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತ ಯುನಿಕೋಡ್ ಆಗಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು ಅದು. ಹೊಸ ವಿಂಡೋಸ್‌ನಲ್ಲಿ ಆ ಫಾಂಟು ಇಲ್ಲದಿದ್ದರೆ ಇಪ್ಪತ್ತು ವರ್ಷದ ಕಡತಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತವೆ. ಫೈಲು ಕೆಟ್ಟಿರುವುದಿಲ್ಲ, ಫಾಂಟು ಹಾಕಿದೊಡನೆ ಸರಿಯಾಗುತ್ತದೆ. ಆದರೆ ಫಾಂಟು ಇದ್ದದ್ದು ಆ ಹಳೆಯ ಡಿಸ್ಕಿನಲ್ಲಿ ಮಾತ್ರ ಎಂದಾದರೆ? ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಟ್ಟುಕೊಳ್ಳಿ. ಡಿಟಿಪಿ ಕೇಂದ್ರಗಳು ಇದನ್ನು ಮರೆಯಲೇಬಾರದು.

ಬಿಟ್‌ಲಾಕರ್ ಎಂಬ ಬೀಗದ ಸಂಗತಿ ಇದಕ್ಕಿಂತ ಗಂಭೀರ. ಈಚಿನ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಮೂಲಕ ಲಾಗಿನ್ ಆದರೆ, ಯಂತ್ರಕ್ಕೆ ಆ ಸೌಲಭ್ಯವಿದ್ದಲ್ಲಿ, ಡಿಸ್ಕ್ ತನ್ನಷ್ಟಕ್ಕೆ ಎನ್‌ಕ್ರಿಪ್ಟ್ ಆಗಿರಬಹುದು. ಅದರ ಕೀಲಿ ಮದರ್‌ಬೋರ್ಡಿನ ಟಿಪಿಎಂ ಚಿಪ್ಪಿನಲ್ಲಿರುತ್ತದೆ. ಡಿಸ್ಕ್ ಅಲ್ಲೇ ಇರುವವರೆಗೆ ಬೀಗ ಇದೆ ಎಂದೇ ಗೊತ್ತಾಗುವುದಿಲ್ಲ. ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದೊಡನೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಯಾವ ತಂತ್ರಜ್ಞನಿಂದಲೂ ತೆರೆಯಲಾಗದು. ಬಿಚ್ಚುವ ಮುಂಚೆ ಆ ಕೀಯನ್ನು ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ ಆಫ್ ಮಾಡಿ ಅದು ಪೂರ್ತಿ ಮುಗಿಯುವವರೆಗೆ ಕಾಯಿರಿ. ಕೀಯನ್ನು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಉಳಿಸಿದರೆ, ಬೀರುವಿನ ಕೀಲಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ ಹಾಗೆ.

ಮುಂದೆ ಎರಡು ದಾರಿ: ಹಳೆಯದನ್ನು ಹಾಗೆಯೇ ಕ್ಲೋನ್ (ಪೂರ್ತಿ ನಕಲು) ಮಾಡುವುದು, ಅಥವಾ ವಿಂಡೋಸ್ ಹೊಸದಾಗಿ ಹಾಕುವುದು. ನಮ್ಮನ್ನು ಕೇಳಿದರೆ ಎಂಟು ಹತ್ತು ವರ್ಷದ ಕಸ ತುಂಬಿದ ಯಂತ್ರಕ್ಕೆ ಹೊಸದಾಗಿ ಹಾಕುವುದೇ ಸರಿ. ಮತ್ತೆ ಸಿಗದ ತಂತ್ರಾಂಶಗಳು, ಕಚೇರಿಯ ವಿಶೇಷ ಜೋಡಣೆಗಳು ಇರುವವರು ಕ್ಲೋನ್ ಮಾಡಲಿ.

ಕ್ಲೋನ್‌ಗೆ ಎಸ್‌ಎಸ್‌ಡಿಯನ್ನು ಸಾಟಾ–ಯುಎಸ್‌ಬಿ ಕೇಸಿಂಗ್‌ನಲ್ಲಿ ಹಾಕಿ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಜೋಡಿಸಿ. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಹೆಚ್ಚು. 300 ಜಿಬಿಗೆ ಎರಡೂಕಾಲು ಗಂಟೆ ದಾಟುತ್ತದೆ. ಚಾರ್ಜರ್ ಹಾಕಿರಲಿ, ನಿದ್ರೆಗೆ ಜಾರುವ ಸೆಟ್ಟಿಂಗ್ ಆಫ್ ಇರಲಿ. ಸ್ಯಾಮ್‌ಸಂಗ್, ಕ್ರೂಶಿಯಲ್, ಡಬ್ಲ್ಯುಡಿ ಕಂಪನಿಗಳು ತಮ್ಮ ಎಸ್‌ಎಸ್‌ಡಿಗೆಂದೇ ಕ್ಲೋನ್ ತಂತ್ರಾಂಶ ಉಚಿತವಾಗಿ ಕೊಡುತ್ತವೆ. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಯಾವ ಎಸ್‌ಎಸ್‌ಡಿಗೂ ಆಗುತ್ತದೆ, ಆದರೆ ಅದರ ಪರದೆ ಬರೀ ಅಕ್ಷರಗಳದ್ದು. ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೆ ಅದು ಸುಲಭವಾಗಿ ಒಪ್ಪುವುದಿಲ್ಲ, ಮೊದಲು ಪಾರ್ಟಿಶನ್ (ಡಿಸ್ಕಿನೊಳಗಿನ ಭಾಗ) ಕುಗ್ಗಿಸಬೇಕು. ಮೂಲ ಯಾವುದು, ಗುರಿ ಯಾವುದು ಎಂಬ ಪ್ರಶ್ನೆ ಬಂದಾಗ ಗಾತ್ರ ಮತ್ತು ಮಾದರಿ ಹೆಸರು ಎರಡನ್ನೂ ಜೋರಾಗಿ ಓದಿಕೊಳ್ಳಿ. ಉಲ್ಟಾ ಒತ್ತಿದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ.

ಕ್ಲೋನ್ ಮಾಡಿಯೂ ಯಂತ್ರ ಬೂಟ್ ಆಗದಿರಲು, ಅಂದರೆ ಏಳದಿರಲು, ಮುಖ್ಯ ಕಾರಣ ಸಿ ಡ್ರೈವ್ ಮಾತ್ರ ನಕಲಿಸುವುದು. ಅದರ ಮುಂದೆ 100 ಎಂಬಿಯಷ್ಟಿರುವ ಇಎಫ್‌ಐ ಪಾರ್ಟಿಶನ್ ಇರುತ್ತದೆ. ಯಂತ್ರ ಎದ್ದೊಡನೆ ಹುಡುಕುವುದು ಅದನ್ನು. ಇಡೀ ಡಿಸ್ಕ್ ಎಂಬ ಆಯ್ಕೆಯನ್ನೇ ಆರಿಸಿ. ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹೊಸದೊಂದೇ ಯಂತ್ರದಲ್ಲಿರಲಿ. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಗಲಿಬಿಲಿಯಾಗುತ್ತದೆ.

ಹೊಸದಾಗಿ ಹಾಕುವವರು 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ವಿಂಡೋಸ್ ಇಳಿಸಿಕೊಳ್ಳಿ, ಅದೂ ಹಳೆಯ ಡಿಸ್ಕ್ ಇನ್ನೂ ನಡೆಯುತ್ತಿರುವಾಗಲೇ. ಅದೇ ಪೆನ್‌ಡ್ರೈವ್‌ಗೆ ನಿಮ್ಮ ಮಾದರಿಯ ವೈಫೈ ಡ್ರೈವರ್ (ವೈಫೈ ನಡೆಸುವ ತಂತ್ರಾಂಶ) ಹಾಕಿಟ್ಟುಕೊಳ್ಳಿ. ವಿಂಡೋಸ್ 11 ಶುರುವಿನಲ್ಲೇ ಅಂತರ್ಜಾಲ ಕೇಳುತ್ತದೆ, ಅಂತರ್ಜಾಲಕ್ಕೆ ವೈಫೈ ಬೇಕು, ವೈಫೈಗೆ ಡ್ರೈವರ್ ಬೇಕು, ಡ್ರೈವರಿಗೆ ಅಂತರ್ಜಾಲ ಬೇಕು! ಸಿಕ್ಕಿಬಿದ್ದರೆ ಮೊಬೈಲನ್ನು ಯುಎಸ್‌ಬಿಯಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ. ‘ಡಿಸ್ಕ್ ಬದಲಾಯಿತು, ಹೊಸ ವಿಂಡೋಸ್ ಕೀ ಕೊಳ್ಳಬೇಕು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಂಡೋಸ್ 8ರಿಂದೀಚೆಗೆ ಲ್ಯಾಪ್‌ಟಾಪ್ ಜೊತೆ ಬಂದ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ, ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಕೂಡ ಬೋರ್ಡಿಗೇ ಅಂಟಿಕೊಂಡದ್ದು.

ಈಗ ಬಿಚ್ಚೋಣ. ಪಿಎಚ್0 ಮತ್ತು ಪಿಎಚ್1 ತುದಿಯ (ಚಿಕ್ಕ ಪ್ಲಸ್ ಆಕಾರದ) ಒಳ್ಳೆಯ ಸ್ಕ್ರೂಡ್ರೈವರ್ ಬೇಕು. ಹತ್ತು ತುದಿಯ ಅಗ್ಗದ ಸೆಟ್ ಸ್ಕ್ರೂವಿನ ತಲೆ ಸವೆಸಿ ಬಿಡುತ್ತದೆ, ಆಮೇಲೆ ಹತ್ತು ನಿಮಿಷದ ಕೆಲಸ ಅರ್ಧ ದಿನ ಹಿಡಿಯುತ್ತದೆ. ಮುಚ್ಚಳ ಬಿಡಿಸಲು ಗಿಟಾರ್ ಪಿಕ್ ಅಥವಾ ಹಳೆಯ ಎಟಿಎಂ ಕಾರ್ಡ್ ಸಾಕು; ಅಡುಗೆಮನೆಯ ಚಾಕು ಬೇಡ. ಶಟ್‌ಡೌನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದಿರಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ವಿಂಡೋಸ್ ಅರೆನಿದ್ರೆಗೆ ಜಾರಿರುತ್ತದೆ, ಪೂರ್ತಿ ಆರಿರುವುದಿಲ್ಲ. ಚಾರ್ಜರ್ ತೆಗೆಯಿರಿ, ಹೊರಗೆ ಬರುವ ಬ್ಯಾಟರಿಯಾದರೆ ಅದನ್ನೂ ತೆಗೆಯಿರಿ. ಥಿಂಕ್‌ಪ್ಯಾಡ್ ಟಿ480 ಥರದವುಗಳಲ್ಲಿ ಹೊರಗೊಂದು ಒಳಗೊಂದು ಬ್ಯಾಟರಿ. ಒಳಗಿನದನ್ನು ಬಯೋಸ್‌ನ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) ಪವರ್ ವಿಭಾಗದಲ್ಲೇ ತಾತ್ಕಾಲಿಕವಾಗಿ ಆಫ್ ಮಾಡುವ ಅನುಕೂಲವಿದೆ.

ಸ್ಕ್ರೂಗಳ ಉದ್ದ ಒಂದೇ ಅಲ್ಲ. ಹಿಂಜ್ ಕಡೆಯವು ಸಾಮಾನ್ಯವಾಗಿ ಉದ್ದ, ಮುಂದಿನವು ಗಿಡ್ಡ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅದು ಕೈ ಊರುವ ಭಾಗದ ಪ್ಲಾಸ್ಟಿಕ್ ತೂತು ಮಾಡಿ ಮೇಲೆ ಬರುತ್ತದೆ, ಇಲ್ಲವೇ ಬೋರ್ಡಿನ ಮೇಲಿನ ಗೆರೆ ಕತ್ತರಿಸುತ್ತದೆ. ಥರ್ಮಾಕೋಲ್ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರ ಜಾಗದಲ್ಲೇ ಚುಚ್ಚಿಡಿ. ಡಿವಿಡಿ ಡ್ರೈವ್ ಇದ್ದರೆ ಅದನ್ನು ಹಿಡಿದ ಒಂದು ಸ್ಕ್ರೂ ತೆಗೆದು ಮೊದಲು ಅದನ್ನು ಹೊರಗೆಳೆಯಿರಿ. ಅದರ ಗೂಡಿನೊಳಗೆ ಒಂದೆರಡು ಚಿಕ್ಕ ಸ್ಕ್ರೂ ಅಡಗಿರುವುದುಂಟು. ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ, ರಬ್ಬರ್ ಪಾದದ ಕೆಳಗೋ ಸ್ಟಿಕ್ಕರಿನ ಕೆಳಗೋ ಇನ್ನೊಂದು ಸ್ಕ್ರೂ ಇರುತ್ತದೆ.

ಮುಚ್ಚಳ ತೆಗೆದೊಡನೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚುವುದು. ತಂತಿ ಹಿಡಿದು ಎಳೆಯದೆ ಕನೆಕ್ಟರಿನ ಎರಡೂ ಅಂಚನ್ನು ಉಗುರಿನಿಂದ ಸ್ವಲ್ಪ ಸ್ವಲ್ಪವೇ ಸರಿಸಿ. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡು ಒತ್ತಿದರೆ ಉಳಿದ ವಿದ್ಯುತ್ತೂ ಇಳಿದುಹೋಗುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಎಸ್‌ಎಸ್‌ಡಿ ಕೆಲಸ ಅಲ್ಲಿಗೇ ನಿಲ್ಲಿಸಿ. ಅದನ್ನು ಚುಚ್ಚಬೇಡಿ, ಒತ್ತಬೇಡಿ, ಮೊದಲು ಅದನ್ನು ಬದಲಿಸಬೇಕು. ಹಳೆಯ ಕೆಲವು ಮಾದರಿಗಳಲ್ಲಿ ಕೀಲಿಮಣೆಯನ್ನೂ ಅದರ ಕೆಳಗಿನ ಹಲಗೆಯನ್ನೂ ತೆಗೆಯದೆ ಡಿಸ್ಕ್ ಸಿಗುವುದಿಲ್ಲ. ಅಲ್ಲಿ ಪಟ್ಟಿ ಕೇಬಲ್‌ಗಳು ಅಡ್ಡ ಬರುತ್ತವೆ. ಅವುಗಳ ಸಾಕೆಟ್ಟಿಗೆ ಕೂದಲೆಳೆಯಷ್ಟು ತೆಳುವಾದ ಲಾಕ್ ಇರುತ್ತದೆ. ಅದನ್ನು ಉಗುರಿನಿಂದ ಎತ್ತಿದರೆ ಪಟ್ಟಿ ತಾನಾಗಿ ಬರುತ್ತದೆ, ಎತ್ತದೆ ಎಳೆದರೆ ಲಾಕ್ ಮುರಿದು ಕೀಲಿಮಣೆ ಶಾಶ್ವತವಾಗಿ ಸಾಯುತ್ತದೆ. ಚಳಿಗಾಲದ ಒಣ ಹವೆಯಲ್ಲಿ, ಅದರಲ್ಲೂ ಬಯಲುಸೀಮೆಯಲ್ಲಿ, ಪಾಲಿಯೆಸ್ಟರ್ ಬಟ್ಟೆಯಿಂದ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಆಗಾಗ ಬಣ್ಣ ಬಳಿಯದ ಕಬ್ಬಿಣ ಮುಟ್ಟಿ ಕೆಲಸ ಮಾಡಿ.

ಹಳೆಯ ಡಿಸ್ಕ್ ಕ್ಯಾಡಿ ಎಂಬ ತಗಡಿನ ಚೌಕಟ್ಟಿನಲ್ಲಿ ನಾಲ್ಕು ಎಂ3 (3 ಮಿಲಿಮೀಟರ್ ದಪ್ಪದ) ಸ್ಕ್ರೂಗಳಿಂದ ಕೂತಿರುತ್ತದೆ. ಕ್ಯಾಡಿಯನ್ನು ಸಾಟಾ ಕನೆಕ್ಟರಿನಿಂದ ನೇರವಾಗಿ ಹಿಂದಕ್ಕೆ ಸರಿಸಿ ತೆಗೆಯಿರಿ, ಮೇಲಕ್ಕೆ ಎತ್ತಿದರೆ ಕನೆಕ್ಟರ್ ಬಿರುಕುಬಿಡುತ್ತದೆ. ಅದೇ ಕ್ಯಾಡಿ, ಅದೇ ಸ್ಕ್ರೂ ಹೊಸದಕ್ಕೂ ಆಗುತ್ತವೆ. ಉದ್ದ ಸ್ಕ್ರೂ ಎಸ್‌ಎಸ್‌ಡಿಯ ಒಳಗಿನ ಬೋರ್ಡಿಗೆ ತಾಗೀತು, ಆದ್ದರಿಂದ ಬೇರೆ ಸ್ಕ್ರೂ ಬಳಸಬೇಡಿ. ಕ್ಯಾಡಿ ಬಿಸಾಡಿದವರು ಆಮೇಲೆ ಅದೊಂದು ತಗಡಿಗಾಗಿ ಊರೆಲ್ಲ ಅಲೆಯುತ್ತಾರೆ. ಎಂ.2 ಆದರೆ ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟಿಗೆ ಪೂರ್ತಿ ತುರುಕಿ, ಆಮೇಲೆ ಒತ್ತಿ ಮಲಗಿಸಿ ಎಂ2 (2 ಮಿಲಿಮೀಟರ್ ದಪ್ಪದ) ಸ್ಕ್ರೂ ಹಾಕಿ. ಅದರ ಮೇಲಿನ ಸ್ಟಿಕ್ಕರ್ ಕೀಳಬೇಡಿ, ವಾರಂಟಿ ಹೋಗುತ್ತದೆ. ಡಿವಿಡಿ ಡ್ರೈವಿನ ಜಾಗಕ್ಕೆ ಹಳೆಯ ಡಿಸ್ಕ್ ಹಾಕುವ ಆಸೆಯಿದ್ದರೆ ಕ್ಯಾಡಿ 9.5 ಮಿಲಿಮೀಟರಿನದೋ 12.7ರದ್ದೋ ಎಂದು ಅಳೆದು ಕೊಳ್ಳಿ. ಎಸ್‌ಎಸ್‌ಡಿ ಮಾತ್ರ ಮುಖ್ಯ ಜಾಗದಲ್ಲೇ ಇರಲಿ.

ಜೋಡಿಸಿ ಆನ್ ಮಾಡಿದಾಗ ಏನೂ ಬರಲಿಲ್ಲವೇ? ಮೊದಲು ಬಯೋಸ್ ತೆರೆಯಿರಿ; ಡೆಲ್, ಏಸರ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಅಲ್ಲಿ ಎಸ್‌ಎಸ್‌ಡಿಯ ಹೆಸರೇ ಇಲ್ಲದಿದ್ದರೆ ಅದು ಸರಿಯಾಗಿ ಕೂತಿಲ್ಲ ಅಥವಾ ತಪ್ಪು ಜಾತಿಯದು. ಹೆಸರು ಇದ್ದೂ ಬೂಟ್ ಆಗದಿದ್ದರೆ ಲೆಗಸಿ, ಯುಇಎಫ್‌ಐ ಎಂಬ ಆಯ್ಕೆ (ಯಂತ್ರ ಏಳುವ ಎರಡು ವಿಧಾನ) ನೋಡಿ. ಹಳೆಯ ಡಿಸ್ಕ್ ಯಾವುದರಲ್ಲಿ ನಡೆಯುತ್ತಿತ್ತೋ ಕ್ಲೋನ್ ಕೂಡ ಅದರಲ್ಲೇ ನಡೆಯುತ್ತದೆ. ಡಿಸ್ಕ್ ಜೊತೆ ಯಂತ್ರ ಮಾತಾಡುವ ವಿಧಾನದ ಎಎಚ್‌ಸಿಐ, ರೇಯ್ಡ್ ಎಂಬ ಆಯ್ಕೆಯನ್ನು ಸುಮ್ಮನೆ ಬದಲಿಸಿದರೆ ಕ್ಲೋನ್ ಆದ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ, ಮೊದಲಿದ್ದಂತೆ ಇಡಿ. ಹೊಸದಾಗಿ ಹಾಕುವಾಗ ಡಿಸ್ಕ್ ಪಟ್ಟಿಯೇ ಖಾಲಿ ಇದ್ದರೆ, ವಿಶೇಷವಾಗಿ 11ನೇ ತಲೆಮಾರಿನ ಇಂಟೆಲ್ ಯಂತ್ರಗಳಿಂದೀಚೆಗೆ, ಇಂಟೆಲ್‌ನ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವ್‌ನಿಂದ ಲೋಡ್ ಮಾಡಬೇಕು. ಎರಡನೇ ಡಿಸ್ಕಾಗಿ ಹಾಕಿದ ಎಸ್‌ಎಸ್‌ಡಿ ಬಯೋಸ್‌ನಲ್ಲಿದ್ದೂ ವಿಂಡೋಸ್‌ನಲ್ಲಿ ಕಾಣದಿದ್ದರೆ ಅದು ಕೆಟ್ಟಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇನಿಶಿಯಲೈಸ್ ಮಾಡಿ, ಜಿಪಿಟಿ ಆರಿಸಿ, ಒಂದು ಅಕ್ಷರ ಕೊಡಿ. ವಿಂಡೋಸ್ ಹಾಕುವ ಹೊತ್ತಿನಲ್ಲಿ ಮಾತ್ರ ಬೇರೆ ಡಿಸ್ಕ್ ಯಾವುದೂ ಜೋಡಿಸಿರಬಾರದು. ಜೋಡಿಸಿದ್ದರೆ ಬೂಟ್ ಫೈಲುಗಳು ಹಳೆಯದರ ಮೇಲೆ ಹೋಗಿ ಕೂರಬಹುದು, ಮುಂದೊಂದು ದಿನ ಅದನ್ನು ತೆಗೆದಾಗ ಯಂತ್ರ ಏಳುವುದಿಲ್ಲ.

ಎಲ್ಲ ಸರಿಹೋದ ಮೇಲೆ ಎಸ್‌ಎಸ್‌ಡಿಗೆ ವಿಶೇಷ ಉಪಚಾರವೇನೂ ಬೇಕಿಲ್ಲ. ನೂರರಲ್ಲಿ ಹತ್ತು ಹದಿನೈದು ಭಾಗ ಖಾಲಿ ಬಿಡಿ. ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವ ಹೊರಗಿನ ಡಿಫ್ರಾಗ್ ತಂತ್ರಾಂಶ ಹಾಕಬೇಡಿ. ಫೋಟೋಗಳನ್ನು ತುಂಬಿ ವರ್ಷಗಟ್ಟಲೆ ಕಪಾಟಿನಲ್ಲಿಡುವುದಕ್ಕೆ ಎಸ್‌ಎಸ್‌ಡಿ ತಕ್ಕದ್ದಲ್ಲ, ವಿದ್ಯುತ್ ಕಾಣದೆ ಬಹಳ ಕಾಲ ಬಿದ್ದಿದ್ದರೆ ಸವೆದ ಎಸ್‌ಎಸ್‌ಡಿಯಿಂದ ಡೇಟಾ ಸೋರಿಹೋಗಬಹುದು. ಆ ಕೆಲಸಕ್ಕೆ ಆರೋಗ್ಯವಾಗಿರುವ ಹಳೆಯ ಹಾರ್ಡ್ ಡಿಸ್ಕೇ ವಾಸಿ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಇಂಟೆಲ್ ಆದರೆ ಸುಮಾರಾಗಿ 8ನೇ ತಲೆಮಾರಿನ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದರೆ ಓದು, ಬರಹ, ಬ್ಯಾಂಕಿನ ಕೆಲಸ, ಮಕ್ಕಳ ಪಾಠ ಎಲ್ಲ ನಡೆಯುತ್ತದೆ. ನುಡಿಯ ಕೀಲಿಮಣೆಗೆ ಒಗ್ಗಿದವರಿಗೆ ಅದೇ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಲಿನಕ್ಸ್‌ನೊಳಗೇ ಇದೆ. ಟ್ಯಾಲಿ ಬೇಕಾದವರಿಗೆ ಮಾತ್ರ ಇದು ಆಗಿಬರುವುದಿಲ್ಲ.

ಕೊನೆಯದಾಗಿ, ತೆಗೆದ ಡಿಸ್ಕ್. ಮೊದಲ ಒಂದು ತಿಂಗಳು ಅದನ್ನು ಮುಟ್ಟದೆ ಎತ್ತಿಡಿ, ಮರೆತ ಫೈಲು ನೆನಪಾಗುವುದು ಆಗಲೇ. ಕೇಸಿಂಗ್‌ನಲ್ಲಿ ಹಾಕಿ ಬಳಸುವಾಗ ಅದು ಟಕ್ ಎಂದು ನಿಂತುಹೋದರೆ ಕೆಟ್ಟಿತೆಂದು ತೀರ್ಮಾನಿಸಬೇಡಿ. ತಿರುಗಲು ಶುರುವಾಗುವಾಗ ಅದಕ್ಕೆ ಒಂದು ಆಂಪಿಯರ್‌ವರೆಗೆ ಬೇಕಾಗಬಹುದು, ಯುಎಸ್‌ಬಿ 2 ಪೋರ್ಟ್ ಕೊಡುವುದು ಅದರ ಅರ್ಧ. ಮಾರುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು. ಅದು ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಅಲ್ಲೇ ಇರುತ್ತವೆ. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಎಲ್ಲ ಕಡೆ ಸೊನ್ನೆ ಬರೆಯುತ್ತದೆ. 1 ಟಿಬಿಗೆ ಮೂರು ಗಂಟೆಯಾದರೂ ಬೇಕು. ಪೂರ್ತಿ ಕೆಟ್ಟ ಡಿಸ್ಕನ್ನು ಸುತ್ತಿಗೆಯಿಂದ ಒಡೆಯುವವರು ಕನ್ನಡಕ ಹಾಕಿ, ಡಿಸ್ಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಕೊಳ್ಳಿ: ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು, ಚೂರು ಸಿಡಿಯುತ್ತದೆ. ಚೂರುಗಳನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ಅಂಗಡಿಯಲ್ಲಿ ಮಾಡಿಸುವವರಿಗೂ ಇದೇ ಅನ್ವಯ. ಹೊಸ ಎಸ್‌ಎಸ್‌ಡಿಯ ಮಾದರಿ ಮತ್ತು ಸೀರಿಯಲ್ ಸಂಖ್ಯೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಂಟಿ ಕೇಳುವಾಗ ಬೇಕಾಗುವುದು ಅದು. ಹಳೆಯ ಡಿಸ್ಕನ್ನು ಕೇಳಿ ವಾಪಸ್ ಪಡೆಯಿರಿ. ‘ಇಲ್ಲೇ ಬಿಟ್ಟುಹೋಗಿ, ಐವತ್ತು ರೂಪಾಯಿ ಕಡಿಮೆ ಮಾಡುತ್ತೇವೆ’ ಎಂದರೂ ಬಿಟ್ಟು ಬರಬೇಡಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಪಟ್ಟಿ, ಮನೆಯ ಫೋಟೋಗಳೆಲ್ಲ ಇನ್ನೂ ಅದರಲ್ಲೇ ಇವೆ.

— ಲ್ಯಾಪ್‌ಟಾಪ್ ದುರಸ್ತಿ ಕಸುಬಿನ ಕೆಲವರು, ಎಸ್.ಪಿ. ರಸ್ತೆ, ಬೆಂಗಳೂರು